ನ್ಯಾಪು, ನೆಪ್ಪು

ಯಾರಾದರೂ ಜೋರಾಗಿ ನಕ್ಕರೆ ನನ್ನ ಕಣ್ಣು ಇವತ್ತಿಗೂ ಮೊದಲು ಹೋಗುವುದು ಅವರ ಮೊಣಕಾಲಿನ ಕಡೆಗೆ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಮ್ಮದು ಮಹಡಿಯ ಮೇಲಿನ ಮನೆ. ಪಕ್ಕದ ಮನೆಯ ತಾರಸಿಯಲ್ಲಿ ಸಂಜೆ ಹೊತ್ತು ಹೆಂಗಸರು ಸೇರಿ ಅದೇನೋ ಮಾತಾಡಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆ ನಗು ನಮ್ಮ ಅಡುಗೆಮನೆಯ ಕಿಟಕಿಗೆ ಬಂದು ಬಿದ್ದ ಕೂಡಲೇ ನಾನು ಕೈಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತೇನೆ. ನಗು ಮುಗಿದ ಮೇಲೆ ಮತ್ತೆ ಮಾತು ಶುರುವಾಗಬೇಕು. ಆಗುವ ತನಕ ನನಗೆ ಸಮಾಧಾನವಿಲ್ಲ. ನಕ್ಕವರೆಲ್ಲ ನಕ್ಕ ಮೇಲೂ ನಿಂತೇ ಇದ್ದಾರೆ ಎಂದು ಖಾತ್ರಿಯಾದ ಮೇಲೆಯೇ ಒಗ್ಗರಣೆಗೆ ಸಾಸಿವೆ ಹಾಕುವುದು. ನನ್ನ ಗಂಡನಿಗೆ ಇದು ಹುಚ್ಚಾಗಿ ಕಾಣುತ್ತದೆ, ಕಾಣಲಿ. ನಗುವಿಗೆ ಹೆದರುವ ಮನೆಯಲ್ಲಿ ಬೆಳೆದವರಿಗೆ ಮಾತ್ರ ಇದು ಅರ್ಥವಾದೀತು. ಅಂಥ ಮನೆಯೊಂದು ಹರಿಹರದಲ್ಲಿ, ಹೊಳೆಗೆ ಇಳಿದುಹೋಗುವ ಓಣಿಯಲ್ಲಿ ಇತ್ತು.

ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ನಿದ್ದೆಯ ಪದಗಳ ಪಾಠ ಬಂದಾಗ ಸ್ಲೀಪ್ ಎಂದರೇನು, ಡೋಜ್ ಎಂದರೇನು ಎಂದು ಸರಾಗವಾಗಿ ಹೇಳಿಕೊಂಡು ಹೋಗುತ್ತೇನೆ. ನ್ಯಾಪ್ ಬಂದಾಗ ಮಾತ್ರ ಬೋರ್ಡಿನ ಕಡೆ ತಿರುಗಿಕೊಳ್ಳುತ್ತೇನೆ. ಹಗಲು ಹೊತ್ತು ಮಾಡುವ ಚಿಕ್ಕ ನಿದ್ದೆ, ಅಷ್ಟೇ ಅದರ ಅರ್ಥ. ಮಖಮಲ್ಲಿನಂಥ ಬಟ್ಟೆಯ ಮೇಲೆ ಕೈಯಾಡಿಸಿದರೆ ಸಿಗುವ ನವಿರಾದ ಕೂದಲಿಗೂ ಅದೇ ಹೆಸರು. ಯಾರನ್ನಾದರೂ ‘ಕಾಟ್ ನ್ಯಾಪಿಂಗ್’ ಎಂದರೆ ಅವರು ಎಚ್ಚರ ತಪ್ಪಿದ್ದಾಗ ಸಿಕ್ಕಿಬಿದ್ದರು ಎಂದು. ಮಕ್ಕಳು ಬರೆದುಕೊಳ್ಳುತ್ತಾರೆ, ನಾನು ಮುಂದಿನ ಪದಕ್ಕೆ ಹೋಗುತ್ತೇನೆ. ನಮ್ಮ ಮನೆಯಲ್ಲಿ ಆ ಪದಕ್ಕಿದ್ದ ಅರ್ಥವನ್ನು ನಾನು ಯಾವ ಮಗುವಿಗೂ ಹೇಳಿಕೊಟ್ಟಿಲ್ಲ.

ಹರಿಹರದ ಆ ಮನೆಯಲ್ಲಿ ಇದ್ದವರು ನಾವು ಐದೇ ಜನ. ಅಜ್ಜಿ, ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದ ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ತಮ್ಮ ಹಾಲೇಶ ಚಿಕ್ಕಪ್ಪ. ಅಜ್ಜ ತೀರಿಕೊಂಡು ಬಹಳ ದಿನ ಆಗಿರಲಿಲ್ಲ. ನಡುಮನೆಯಲ್ಲಿ ಎರಡು ಕಂಬ, ಕಾಲಿಟ್ಟರೆ ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಕಡಪಾ ಕಲ್ಲಿನ ನೆಲ, ಮೂಲೆಯಲ್ಲಿ ಪೇರಿಸಿಟ್ಟ ಕೌದಿಗಳು. ಕೌದಿ ಹೊಲಿಯುವುದು ಅಜ್ಜಿಯ ಹುಚ್ಚು. ಚಿಕ್ಕಪ್ಪ ದಾವಣಗೆರೆಯ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದುದರಿಂದ ಅವಳಿಗೆ ತುಂಡು ಬಟ್ಟೆಗೆ ಬರವಿರಲಿಲ್ಲ. ಅವನು ಸಂಜೆ ಬಸ್ಸಿಳಿದು ಬಂದರೆ ಹೊಸ ಬಟ್ಟೆಯ ಗಂಜಿಯ ವಾಸನೆ ಅವನ ಜೊತೆಗೇ ಒಳಗೆ ಬರುತ್ತಿತ್ತು. ನಾನು ಅವನ ತೊಡೆಯ ಮೇಲೆ ಕೂತು ಅಂಗಿಗೆ ಮೂಗು ಒತ್ತಿ ಆ ವಾಸನೆ ಎಳೆದುಕೊಳ್ಳುತ್ತಿದ್ದೆ. ಹಾಗೆ ಕೂತಿದ್ದಾಗಲೇ ಅವನ ಗದ್ದ ನನ್ನ ನೆತ್ತಿಗೆ ಬಂದು ಕೂರುತ್ತಿತ್ತು. ಮಾತಿನ ಮಧ್ಯೆ, ಅರ್ಧ ವಾಕ್ಯದಲ್ಲಿ, ಅವನು ಮಲಗಿಬಿಟ್ಟಿರುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಉಳಿದರ್ಧ ವಾಕ್ಯ ಮುಗಿಸುತ್ತಿದ್ದ. ನನಗೆ ಅದು ಆಟವಾಗಿತ್ತು. ಅಂಗಡಿಯವರಿಗೆ ಆಟವಾಗಿರಲಿಲ್ಲ. ಒಂದು ದಿನ ಸೀರೆಗೆ ಫಾಲ್ ಬಟ್ಟೆ ಅಳೆಯುತ್ತಾ ಅಳೆಯುತ್ತಾ ನಿದ್ದೆ ಹೋದವನು ನಿದ್ದೆಯಲ್ಲೇ ಅಳೆಯುತ್ತಾ ಹೋಗಿ, ಇಡೀ ಥಾನು ನೆಲಕ್ಕೆ ಬಿಚ್ಚಿಹಾಕಿದ್ದನಂತೆ. ಅದೇ ಅವನ ಕೊನೆಯ ದಿನ ಅಲ್ಲಿ.

ನಿದ್ದೆಯನ್ನಾದರೂ ಹೇಗೋ ಸಹಿಸಬಹುದಾಗಿತ್ತು. ಹೆದರಿಸಿದ್ದು ಅದರ ಹಿಂದೆಯೇ ಬಂದ ಇನ್ನೊಂದು. ಅಪ್ಪ ಆಗೆಲ್ಲ ಬಹಳ ತಮಾಷೆಯ ಮನುಷ್ಯ. ಕಾರ್ಖಾನೆಯ ಮೇಸ್ತ್ರಿ ನಡೆಯುವ ರೀತಿಯನ್ನು ಒಂದು ಸಂಜೆ ಅವನು ನಡುಮನೆಯಲ್ಲಿ ನಡೆದು ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಚಿಕ್ಕಪ್ಪ ನಿಜವಾಗಿಯೇ ಬಿದ್ದ. ನಗು ಮುಖದ ಮೇಲೆ ಇದ್ದ ಹಾಗೆಯೇ ಮೊದಲು ಗದ್ದ ಜೋತುಬಿತ್ತು, ಕೈಲಿದ್ದ ಚಹಾದ ಲೋಟ ಜಾರಿತು, ಆಮೇಲೆ ಮೊಣಕಾಲು ಮಡಚಿಕೊಂಡು ಒಣಗಲು ಹಾಕಿದ ಪಂಚೆ ಹಗ್ಗದಿಂದ ಜಾರಿದಂತೆ ನೆಲಕ್ಕೆ ಇಳಿದ. ಕಣ್ಣು ಅರ್ಧ ತೆರೆದೇ ಇತ್ತು. ಅಜ್ಜಿ ಎದೆಗೆ ಕೈಯಿಟ್ಟು ನೋಡಿದಳು. ಉಸಿರು ಆಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಏನೂ ಆಗದವನಂತೆ ಎದ್ದು ಕೂತ. ಅವತ್ತಿನಿಂದ ಪ್ರತಿಸಲ ಮನಬಿಚ್ಚಿ ನಕ್ಕಾಗಲೂ ಹೀಗೇ ಆಗತೊಡಗಿತು. ಮಧ್ಯಾಹ್ನ ಅಡ್ಡಾದಾಗ ಎದೆಯ ಮೇಲೆ ಯಾರೋ ಬಂದು ಕೂತ ಹಾಗಾಗುತ್ತದೆ ಎಂದೂ ಅವನು ಹೇಳಿದ. ಅಜ್ಜಿಗೆ ಅಷ್ಟು ಸಾಕಾಯಿತು. ಗಾಳಿ ಬಿಡಿಸುವ ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗಿ ಅಮಾವಾಸ್ಯೆ ಮಾಡಿಸಿಕೊಂಡು ಬಂದಳು. ಸುತ್ತ ಜನ ಕೂಗಾಡುತ್ತಿದ್ದರೆ ಇವನು ಅಲ್ಲಿ ಕಲ್ಲಿಗೊರಗಿ ಹಾಯಾಗಿ ನಿದ್ದೆ ಮಾಡಿದನಂತೆ. ಕೊನೆಗೆ ಅಪ್ಪ ದಾವಣಗೆರೆಯ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಬಹಳ ಹೊತ್ತು ಕೂರಿಸಿಕೊಂಡು ಕೇಳಿ, ಇದು ಮಿದುಳಿನಲ್ಲಿ ನಿದ್ದೆಯ ಲೆಕ್ಕ ತಪ್ಪುವ ಕಾಯಿಲೆ, ಗಾಳಿಯಲ್ಲ ದೆವ್ವವಲ್ಲ ಎಂದರು. ಪೂರ್ತಿ ವಾಸಿಯಾಗುವುದಿಲ್ಲ, ಮಾತ್ರೆಯಿಂದ ಒಂದಿಷ್ಟು ಹಿಡಿತಕ್ಕೆ ಬಂದೀತು ಎಂದರು. ದಿನಾ ಹೊತ್ತಿಗೆ ಸರಿಯಾಗಿ ಸಣ್ಣ ಸಣ್ಣ ನ್ಯಾಪ್ ತೆಗೆದುಕೊಳ್ಳಬೇಕು, ಬೆಂಕಿ ಮತ್ತು ನೀರಿನ ಹತ್ತಿರ ಒಬ್ಬನೇ ಹೋಗಕೂಡದು, ಜೋರು ನಗು ಬಂದಾಗ ಕೂತಿರಬೇಕು ಎಂದು ಬಿಡಿಸಿ ಹೇಳಿದರು. ಕಾಯಿಲೆಗೆ ಒಂದು ಉದ್ದನೆಯ ಹೆಸರೂ ಇತ್ತು. ಆ ಹೆಸರು ಹರಿಹರದ ಬಸ್ಸಿಳಿಯುವಷ್ಟರಲ್ಲಿ ಅಪ್ಪನಿಗೆ ಮರೆತುಹೋಗಿತ್ತು. ಮನೆಗೆ ಬಂದದ್ದು ಆ ಚಿಕ್ಕ ಪದವೊಂದೇ.

ಅಜ್ಜಿ ಅದನ್ನು ಕೈಚಾಚಿ ತೆಗೆದುಕೊಂಡಳು. ಜೊಂಪು, ಮಂಪರು, ತೂಕಡಿಕೆ ಎಂದು ಅವಳ ಬಾಯಲ್ಲಿ ನಿದ್ದೆಗೆ ಬೇಕಾದಷ್ಟು ಮಾತಿದ್ದವು. ಆದರೆ ಅವು ಎಲ್ಲರಿಗೂ ಗೊತ್ತಿರುವ ಮಾತು. ಹುಡುಗನಿಗೆ ಯಾಕೆ ಹಗಲೆಲ್ಲ ಮಂಪರು ಎಂದು ಓಣಿಯವರು ಮರುಪ್ರಶ್ನೆ ಹಾಕುತ್ತಿದ್ದರು. ಇಂಗ್ಲಿಷ್ ಪದಕ್ಕೆ ಮರುಪ್ರಶ್ನೆ ಇಲ್ಲ. ಹಾಲೇಶ ನ್ಯಾಪು ಮಾಡ್ತಿದಾನೆ ಎಂದು ಅಜ್ಜಿ ಬಾಗಿಲಲ್ಲೇ ಹೇಳಿದರೆ ಬಂದವರು ಅದೇನೋ ಓದಿನ ವಿಷಯವಿರಬೇಕು ಎಂದುಕೊಂಡು ಹೊರಟುಹೋಗುತ್ತಿದ್ದರು. ಕೂತಲ್ಲಿ ನಿದ್ದೆ ಹೋದರೂ ನ್ಯಾಪು, ನಕ್ಕು ನೆಲಕ್ಕೆ ಬಿದ್ದರೂ ನ್ಯಾಪು. ಹೀಗೆ ಆ ಕಾಯಿಲೆ ನಮ್ಮ ಮನೆಯಲ್ಲಿ ಒಂದು ಮುದ್ದಿನ ಹೆಸರಿಟ್ಟುಕೊಂಡು ಬೆಳೆಯಿತು.

ಆಮೇಲೆ ಮನೆ ನಗುವುದನ್ನು ಬಿಟ್ಟಿತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಅಪ್ಪ ಮೇಸ್ತ್ರಿಯ ನಡಿಗೆ ಮರೆತ. ರೇಡಿಯೋದಲ್ಲಿ ಹಾಸ್ಯದ ಕಾರ್ಯಕ್ರಮ ಬಂದರೆ ಅವ್ವ ಕಿವಿ ಹಿಂಡುತ್ತಿದ್ದಳು. ರೇಡಿಯೋದ್ದು, ನನ್ನದಲ್ಲ. ನನಗೆ ನಗು ಬಂದರೆ ಹಿತ್ತಲಿಗೆ ಓಡಬೇಕು ಎಂದು ಹೇಳಿಕೊಟ್ಟಿದ್ದರು. ಹಿತ್ತಲಲ್ಲಿ ಒಬ್ಬಳೇ ನಿಂತರೆ ನಗು ತಾನಾಗಿ ಸತ್ತುಹೋಗುತ್ತಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ಚಿಕ್ಕಪ್ಪನಿಗೆ, ಯಾಕೆಂದರೆ ನಮ್ಮೆಲ್ಲರಲ್ಲಿ ನಗುವ ಆಸೆ ಹೆಚ್ಚು ಇದ್ದದ್ದು ಅವನಿಗೇ. ಯಾರಾದರೂ ನೆಂಟರು ಗೊತ್ತಿಲ್ಲದೆ ತಮಾಷೆಯ ಕತೆ ತೆಗೆದರೆ ಅವನು ಮೆಲ್ಲಗೆ ಎದ್ದು ಹೋಗಿ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಲ್ಲುತ್ತಿದ್ದ. ತುಟಿ ಬಿಗಿಹಿಡಿದು, ಜಂತೆ ನೋಡುತ್ತಾ, ನಗು ದಾಟಿಹೋಗುವುದನ್ನು ಕಾಯುತ್ತಿದ್ದ.

ಬಿದ್ದಾಗ ಅವನಿಗೆ ಜ್ಞಾನವಿರುವುದಿಲ್ಲ ಎಂದೇ ನಾವು ತಿಳಿದಿದ್ದೆವು. ಒಂದು ಸಲ ಜಗುಲಿಯಲ್ಲಿ ಹಾಗೆ ಬಿದ್ದಿದ್ದಾಗ ಓಣಿಯ ಇಬ್ಬರು ಹೆಂಗಸರು ಅವನ ಪಕ್ಕದಲ್ಲೇ ನಿಂತು, ಇಂಥವನಿಗೆ ಯಾರು ಹೆಣ್ಣು ಕೊಡುತ್ತಾರೆ, ತಾಯಿ ಇರುವ ತನಕ ಸರಿ, ಆಮೇಲೆ ಬೀದಿಪಾಲೇ ಎಂದು ಮರುಗಿ ಹೋದರು. ಸಂಜೆ ಚಿಕ್ಕಪ್ಪ ಅಜ್ಜಿಯ ಮುಂದೆ ಆ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ.

“ಎಲ್ಲಾ ಕೇಳಿಸ್ತೈತೆ ಕಣವ್ವಾ. ಕೈಕಾಲು ಮಾತ್ರ ನಂದಲ್ಲ, ಅಷ್ಟೇ.”

ಅಜ್ಜಿ ಹೊಲಿಯುತ್ತಿದ್ದ ಕೌದಿಯನ್ನು ಬದಿಗಿಟ್ಟಳು. ಮಾರನೇ ದಿನದಿಂದಲೇ ಹೆಣ್ಣು ಹುಡುಕತೊಡಗಿದಳು. ತಾನು ಹೋದ ಮೇಲೆ ಈ ಮಗನನ್ನು ನೋಡಿಕೊಳ್ಳುವವರು ಯಾರು ಎಂಬ ಒಂದೇ ಭಯ ಅವಳಿಗೆ. ಆ ಭಯದ ಎದುರು ಬೇರೆ ಯಾವ ತಪ್ಪೂ ಅವಳ ಕಣ್ಣಿಗೆ ದೊಡ್ಡದಾಗಿ ಕಾಣಲಿಲ್ಲ.

ಹೆಣ್ಣು ಸಿಕ್ಕಿದ್ದು ಕುಕ್ಕುವಾಡದಲ್ಲಿ. ನೋಡಲು ಹೋದಾಗ ನಾನೂ ಅಜ್ಜಿಯ ಸೆರಗು ಹಿಡಿದು ಹೋಗಿದ್ದೆ. ಭತ್ತದ ಚೀಲ ಪೇರಿಸಿದ್ದ ಪಡಸಾಲೆ, ಜಮಖಾನ ಹಾಸಿ ಕೂರಿಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಕೊಟ್ಟರು. ಹುಡುಗಿ ನೀಲಮ್ಮ ಬಂದು ನಮಸ್ಕಾರ ಮಾಡಿ ಒಳಗೆ ಹೋದಳು. ದೊಡ್ಡವರು ಮಾತಿಗೆ ಕೂತರು. ಅಷ್ಟರಲ್ಲಿ ಚಿಕ್ಕಪ್ಪನ ತಲೆ ಮೆಲ್ಲಗೆ ಎದೆಗೆ ಬಿತ್ತು. ಹುಡುಗಿಯ ಅಪ್ಪ ಮಾತು ನಿಲ್ಲಿಸಿ ನೋಡಿದ. ಅಜ್ಜಿ ಒಂದು ಚೂರೂ ತಡಬಡಿಸದೆ, ಏನಿಲ್ಲ, ಅವನಿಗೆ ಆಗಾಗ ಹಿಂಗೆ ನ್ಯಾಪು ಬರ್ತೈತೆ ಎಂದಳು. ಮೇಲೆಯನ್ನು ಮ್ಯಾಲೆ, ಬೇಡವನ್ನು ಬ್ಯಾಡ ಎನ್ನುವ ಸೀಮೆ ನಮ್ಮದು. ಬ್ಯಾಡ ಎಂದರೆ ಬೇಡ ಎಂದು ತಾನಾಗಿ ತಿದ್ದಿಕೊಳ್ಳುವ ಕಿವಿಗಳು ನ್ಯಾಪು ಎಂಬುದನ್ನೂ ತಮಗೆ ಗೊತ್ತಿದ್ದ ಹಾಗೆ ತಿದ್ದಿಕೊಂಡವು. ನಮ್ಮ ಕಡೆ ನೆನಪಿಗೆ ನೆಪ್ಪು ಅನ್ನುತ್ತಾರೆ.

“ಯಾರ ನೆಪ್ಪು? ಅವರಪ್ಪಂದೇನ್ರಿ?” ಎಂದು ಆ ಮನುಷ್ಯ ದನಿ ತಗ್ಗಿಸಿ ಕೇಳಿದ.

ಅಪ್ಪ ತಲೆತಗ್ಗಿಸಿ ನೆಲ ನೋಡಿದ. ನಾನು ಅಜ್ಜಿಯ ಮುಖ ನೋಡಿದೆ. ಅವಳಿಗೆ ಅರ್ಥವಾಗಿತ್ತು. ತಿದ್ದಲು ಬೇಕಾದಷ್ಟು ಹೊತ್ತೂ ಇತ್ತು. ಅವಳು ಮೆಲ್ಲಗೆ ತಲೆಯಾಡಿಸಿ, ಸೆರಗಿನ ಅಂಚಿನಿಂದ ಕಣ್ಣು ಒತ್ತಿಕೊಂಡಳು. ಒತ್ತಿಕೊಂಡಾಗ ನಿಜವಾಗಿಯೂ ಕಣ್ಣೀರು ಬಂದಿತ್ತು. ಸತ್ತ ಅಪ್ಪನನ್ನು ನೆನೆದು ಮೈಮರೆಯುವ ಹುಡುಗ ಎಂದು ಆ ಮನೆಯವರಿಗೆಲ್ಲ ಕರುಳು ಚುರುಕ್ ಎಂದಿತು. ಒಳಬಾಗಿಲಿನ ಪರದೆಯ ಕೆಳಗೆ ಕಾಣುತ್ತಿದ್ದ ಎರಡು ಪಾದಗಳು ಅಷ್ಟು ಹೊತ್ತೂ ಅಲ್ಲಾಡಲಿಲ್ಲ. ನೀಲಮ್ಮ ಅಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಮದುವೆಯಾಗಿ ಬಂದ ಚಿಕ್ಕಮ್ಮ ನಗುವುದಕ್ಕೂ ನಗಿಸುವುದಕ್ಕೂ ಹುಟ್ಟಿದವಳು. ಅವಳ ಊರಿನ ಬಸ್ಸಿನ ಕಂಡಕ್ಟರು, ಮೊಟ್ಟೆಯಿಟ್ಟು ಊರಿಗೆಲ್ಲ ಸಾರುವ ಕೋಳಿ, ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುವ ನಮ್ಮ ಅಜ್ಜಿ, ಎಲ್ಲರೂ ಅವಳ ಮೈಮೇಲೆ ಬರುತ್ತಿದ್ದರು. ಅವಳು ಬಾಯಿ ತೆರೆದ ಕೂಡಲೇ ಅವ್ವ ಏನಾದರೊಂದು ಕೆಲಸ ಹೇಳುತ್ತಿದ್ದಳು, ಅಜ್ಜಿ ಕೆಮ್ಮುತ್ತಿದ್ದಳು. ಒಂದು ವಾರವೂ ಆಗಿರಲಿಲ್ಲ, ಚಿಕ್ಕಪ್ಪ ಅವಳ ಕೋಳಿಗೆ ನಕ್ಕು ಗೋಡೆಗುಂಟ ಜಾರಿ ಕೂತ. ನಕ್ಕ ನೀರು ಕಣ್ಣಲ್ಲಿತ್ತು. ಅವಳು ಗಾಬರಿಯಾಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ಬಂದು, ಬಿಡವ್ವಾ, ಅದೇ ಬಂದೈತೆ, ಎದ್ದೇಳ್ತಾನೆ ಎಂದಳು. ಅದೇ ಎಂದರೆ ಏನೆಂದು ಚಿಕ್ಕಮ್ಮನಿಗೆ ತಾನು ಕೇಳಿಸಿಕೊಂಡ ಪ್ರಕಾರ ಗೊತ್ತಿತ್ತು. ಅವನ ಪಕ್ಕ ಕೂತು ಕಣ್ಣೊರೆಸಿದಳು. ಅವತ್ತಿನಿಂದ ಅವಳ ತಮಾಷೆ ಇಮ್ಮಡಿಯಾಯಿತು. ನಾವೆಲ್ಲ ಅದನ್ನು ಹುಡುಗಾಟಿಕೆ ಎಂದುಕೊಂಡೆವು.

ಹೇಳಿಬಿಡೋಣ ಎಂದು ಅವ್ವ ಎಷ್ಟೋ ಸಲ ಅಂದಳು. ಒಂದು ಮಗುವಾಗಲಿ, ಆಮೇಲೆ ಹೇಳಿದರೆ ಬಿಟ್ಟುಹೋಗುವುದಿಲ್ಲ ಎಂದು ಅಜ್ಜಿ. ಕೊನೆಗೆ ಅವ್ವ ಅಡುಗೆಮನೆಯಲ್ಲಿ ಚಿಕ್ಕಪ್ಪನನ್ನೇ ನಿಲ್ಲಿಸಿ, ನೀನಾದರೂ ಹೇಳಪ್ಪಾ, ಗಂಡ ಹೆಂಡತಿ ನಡುವೆ ಮುಚ್ಚುಮರೆ ಯಾಕೆ ಎಂದು ಕೇಳಿದಳು. ನಾನು ಅಲ್ಲೇ ಒಲೆಯ ಮುಂದೆ ಕೂತಿದ್ದೆ. ಬಿದ್ದಾಗ ತನಗೆ ಎಲ್ಲವೂ ಕೇಳಿಸುತ್ತದೆ ಎಂಬುದನ್ನಷ್ಟೇ ಹೇಳಿದ್ದೇನೆ ಎಂದ ಚಿಕ್ಕಪ್ಪ. ಉಳಿದದ್ದು ಹೇಳಲಾರೆ ಎಂದ.

“ಹೇಳಬ್ಯಾಡ್ರಿ ಅತ್ತಿಗೆ. ಹೇಳಿದ್ರೆ ಅವಳೂ ನಿಮ್ಮಂಗೆ ನಗೋದು ಬಿಡ್ತಾಳೆ. ಈ ಮನ್ಯಾಗೆ ನನ್ನ ಜೊತೆ ನಗೋಳು ಅವಳೊಬ್ಬಳೇ.”

ಅವ್ವ ಒಲೆಯ ಕಡೆ ತಿರುಗಿಕೊಂಡಳು. ಆಮೇಲೆ ಅವಳೂ ಆ ಮಾತು ಎತ್ತಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಗೊತ್ತಿರಲೇಬೇಕಾದ ಒಬ್ಬಳಿಗೆ ಗೊತ್ತಿಲ್ಲದೆ, ದಿನಾ ನಮ್ಮ ನಡುವೆ ಉಂಡು ಮಲಗಿ ಏಳುತ್ತಿತ್ತು.

ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹೊಳೆಗೆ ಒಯ್ದು ಒಗೆಯುವುದು ನಮ್ಮ ಕಡೆಯ ರೂಢಿ. ಆ ವರ್ಷವೂ ಕೌದಿಗಳನ್ನೆಲ್ಲ ತಳ್ಳುಗಾಡಿಗೆ ಹೇರಿಕೊಂಡು ಬೆಳಗ್ಗೆಯೇ ಹೊರಟೆವು. ಅಪ್ಪನಿಗೆ ಪಾಳಿ ಇತ್ತು. ಹೊಳೆಯಲ್ಲಿ ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿತ್ತು, ಬಂಡೆಗಳ ನಡುವೆ ಮೊಣಕಾಲುದ್ದ ಮಾತ್ರ. ಚಿಕ್ಕಪ್ಪ ದಡದ ಮೇಲೆ ಮರದ ನೆರಳಲ್ಲಿ ಕೂತು ಗಾಡಿ ಕಾಯಬೇಕು, ನೀರಿಗೆ ಇಳಿಯಬಾರದು ಎಂದು ಅಜ್ಜಿ ಹೇಳಿದ್ದಳು. ಅವ್ವ ಮೇಲ್ಗಡೆ ಸೋಡಾ ನೀರಿನಲ್ಲಿ ನೆನೆಸಿದ ಜಮಖಾನ ತಿಕ್ಕುತ್ತಿದ್ದಳು. ನಾನೂ ಅಜ್ಜಿಯೂ ಒಗೆದ ಕೌದಿಗಳನ್ನು ದೂರದ ಕಾದ ಬಂಡೆಗಳ ಮೇಲೆ ಹರವಿ, ಗಾಳಿಗೆ ಹಾರದಂತೆ ಮೂಲೆಗೆ ಕಲ್ಲು ಇಡುತ್ತಿದ್ದೆವು. ಚಿಕ್ಕಮ್ಮ ನೀರಿನಲ್ಲಿ ನಿಂತು ದೊಡ್ಡ ಕೌದಿಯೊಂದನ್ನು ಹಿಂಡಲು ಹೆಣಗುತ್ತಿದ್ದಳು. ನೆನೆದ ಕೌದಿ ಒಬ್ಬರ ಕೈಗೆ ಆಗುವಂಥದ್ದಲ್ಲ. ಬರ್ರಿ ಇಲ್ಲಿ, ಆ ತುದಿ ಹಿಡ್ಕಳ್ರಿ ಎಂದು ಅವಳು ಕರೆದದ್ದು ಅವ್ವನಿಗೆ ಕೇಳಿಸಿತಂತೆ. ಎದ್ದುಹೋಗಿ ತಡೆಯುವಷ್ಟರಲ್ಲಿ ಅವನು ಪಂಚೆ ಮೇಲೆ ಕಟ್ಟಿ ಇಳಿದಾಗಿತ್ತಂತೆ.

ನಾನು ತಲೆಯೆತ್ತಿ ನೋಡಿದಾಗ ಇಬ್ಬರೂ ಒಂದೊಂದು ತುದಿ ಹಿಡಿದು ಕೌದಿಯನ್ನು ಎದುರುಬದುರು ತಿರುಚುತ್ತಿದ್ದರು. ನಡುವಿನಿಂದ ನೀರು ಸುರಿಯುತ್ತಿತ್ತು. ಅವಳು ಏನೋ ಅಂದಳು. ಆಮೇಲೆ ನೀರಿನ ಮೇಲಿಂದ ಒಂದು ನಗು ಬಂತು. ಚಿಕ್ಕಪ್ಪ ಅಷ್ಟು ದೊಡ್ಡ ದನಿಯಲ್ಲಿ ನಕ್ಕದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ಕಂಬವಿಲ್ಲದ ಜಾಗದಲ್ಲಿ ಅವನು ನಕ್ಕಿದ್ದ. ನನ್ನ ಪಕ್ಕದಲ್ಲಿ ಅಜ್ಜಿ ಕೈಲಿದ್ದ ಕಲ್ಲು ಬಿಟ್ಟು ಹೋ ಎಂದು ಕೂಗುತ್ತಾ ಓಡಿದಳು. ಅವಳ ಕಾಲಿಗೆ ಆ ಬಂಡೆಗಳ ಮೇಲೆ ಓಟ ಬರುತ್ತಿರಲಿಲ್ಲ. ಚಿಕ್ಕಮ್ಮ ತನ್ನ ತುದಿಯನ್ನು ಹಿಡಿದುಕೊಂಡೇ ನಗುತ್ತಾ ನಿಂತಿದ್ದಳು. ಅವನು ಹಿಡಿದಿದ್ದ ತುದಿ ಅವನ ಜೊತೆಗೇ ನೀರಿನೊಳಗೆ ಹೋಗಿತ್ತು. ಕೌದಿ ಹರಿವಿಗೆ ಬಿಚ್ಚಿಕೊಂಡು ಅದೇ ಜಾಗದ ಮೇಲೆ ಹರಡಿಕೊಂಡಿತ್ತು. ಅವನು ಆಟವಾಡುತ್ತಿದ್ದಾನೆ, ಈಗ ಏಳುತ್ತಾನೆ ಎಂದು ಅವಳು ಕಾಯುತ್ತಿದ್ದಳು. ಮೇಲೆ ಏಳದಿದ್ದಾಗಲೂ ನಮ್ಮ ಮನೆಯ ಮಾತನ್ನೇ ನಂಬಿ ಇನ್ನೂ ಸ್ವಲ್ಪ ಕಾದಳು. ಆಮೇಲೆ ಕೌದಿ ಎಳೆಯಲು ನೋಡಿದಳು, ಅದು ಅವಳ ಕೈಗೆ ಬರಲಿಲ್ಲ. ಕೆಳಗಡೆ ಸ್ನಾನ ಮಾಡುತ್ತಿದ್ದ ಗಂಡಸರು ಬಂದು ಎತ್ತಿ ದಡಕ್ಕೆ ತಂದರು.

ಹೊಟ್ಟೆ ಒತ್ತಿದರು, ಕವುಚಿ ಹಾಕಿದರು, ಅಂಗಾಲು ತಿಕ್ಕಿದರು. ಆಮೇಲೆ ಒಬ್ಬ ಹಿರಿಯ ಎದ್ದು ನಿಂತು ತಲೆಯ ಟವೆಲು ತೆಗೆದ. ಚಿಕ್ಕಮ್ಮ ಆ ಹಿರಿಯನ ಕೈ ಹಿಡಿದು ಕೂರಿಸಿದಳು. ಅವಳು ಅಳುತ್ತಿರಲಿಲ್ಲ. ಅವರಿಗೆ ಕೇಳಿಸುತ್ತದೆ, ಹಾಗೆಲ್ಲ ಮಾಡಬೇಡಿ, ಸ್ವಲ್ಪ ಹೊತ್ತು ಬಿಟ್ಟರೆ ತಾವೇ ಏಳುತ್ತಾರೆ ಎಂದು ಎಲ್ಲರಿಗೂ ಹೇಳಿದಳು. ಅಜ್ಜಿ ಅಷ್ಟು ಹೊತ್ತಿಗೆ ಬಂದು ಮಗನ ಕಾಲ ಬಳಿ ಕುಸಿದಿದ್ದಳು.

“ಅವನ್ನ ನಗಿಸಬಾರ್ದಾಗಿತ್ತವ್ವಾ,” ಎಂದಳು.

ಚಿಕ್ಕಮ್ಮ ನಿಧಾನವಾಗಿ ಅವಳ ಕಡೆ ತಿರುಗಿದಳು.

“ನೆಪ್ಪು ಬರ್ತೈತೆ ಅಂದಿದ್ರಿ ಅತ್ತೆ. ಅಪ್ಪನ ನೆಪ್ಪು ಕಾಡ್ತೈತೆ ಅಂತ. ಅದು ಮರೀಲಿ ಅಂತಾನೇ ನಾನು ದಿನಾ ನಗಿಸ್ತಿದ್ದೆ.”

ಚಿಕ್ಕಮ್ಮ ಬಗ್ಗಿ ಅವನ ಕಿವಿಗೆ ಬಾಯಿಟ್ಟು ಏನೋ ಹೇಳತೊಡಗಿದಳು. ಏನು ಹೇಳಿದಳೋ ನಮಗೆ ತಿಳಿಯಲಿಲ್ಲ. ಮಧ್ಯೆ ಮಧ್ಯೆ ನಿಲ್ಲಿಸಿ ಅವನ ರೆಪ್ಪೆ ನೋಡುತ್ತಿದ್ದಳು, ಮತ್ತೆ ಹೇಳುತ್ತಿದ್ದಳು. ಅವಳನ್ನು ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ನಿಜ ಹೇಳಬೇಕೆಂದರೆ ನಾವೂ ಕಾಯುತ್ತಿದ್ದೆವು, ಯಾಕೆಂದರೆ ಎಷ್ಟೋ ಸಲ ಅವನು ಹೀಗೇ ಬಿದ್ದು ಎದ್ದಿದ್ದ. ಕಾರ್ಖಾನೆಯಿಂದ ಅಪ್ಪ ಬರುವ ತನಕ ಹಾಗೇ ಕೂತಿದ್ದೆವು. ಬಂಡೆಗಳ ಮೇಲಿನ ಕೌದಿಗಳು ಅಷ್ಟರಲ್ಲಿ ಒಣಗಿದ್ದವು.

ತಿಂಗಳ ಕಾರ್ಯ ಮುಗಿದ ಮೇಲೆ ಚಿಕ್ಕಮ್ಮನನ್ನು ಅವಳ ಅಪ್ಪ ಬಂದು ಕರೆದುಕೊಂಡು ಹೋದ. ಅವನು ನಮ್ಮ ಮನೆಯ ನೀರನ್ನೂ ಮುಟ್ಟಲಿಲ್ಲ. ಕೆಲವು ವರ್ಷಕ್ಕೆ ನಾವು ಆ ಮನೆ ಮಾರಿ ದಾವಣಗೆರೆಗೆ ಬಂದೆವು. ಕೊಂಡವರು ಅದನ್ನು ಕೆಡವಿ ಅಂಗಡಿ ಸಾಲು ಕಟ್ಟಿದ್ದಾರೆ. ಅಜ್ಜಿ ಆಮೇಲೂ ಬಹಳ ಕಾಲ ಬದುಕಿದ್ದಳು. ಆ ಇಂಗ್ಲಿಷ್ ಪದವನ್ನು ಬಿಟ್ಟಳು, ಅದು ಸಹಜ. ಅದರ ಜೊತೆಗೆ, ಹುಟ್ಟಿದಾಗಿನಿಂದ ಆಡುತ್ತಿದ್ದ ತನ್ನ ಮಾತನ್ನೂ ಬಿಟ್ಟುಬಿಟ್ಟಳು. ನೆಪ್ಪಾಯ್ತು, ನೆಪ್ಪೈತೆ, ನೆಪ್ಪು ಹಾರಿತು ಎಂದು ದಿನಕ್ಕೆ ಎಷ್ಟು ಸಲ ಅನ್ನುತ್ತಿದ್ದವಳು, ಆಮೇಲೆ ಒಂದು ಸಲವೂ ಅನ್ನಲಿಲ್ಲ. ಅವಳನ್ನು ನೋಡಿ ನಾವೂ ಬಿಟ್ಟೆವು. ಮಧ್ಯಾಹ್ನ ಊಟವಾದ ಮೇಲೆ ಅವಳು ಬಾಗಿಲ ಬಳಿ ಗೋಡೆಗೊರಗಿ ಕಣ್ಣು ತೆರೆದುಕೊಂಡೇ ಕೂತಿರುತ್ತಿದ್ದಳು. ಏನ್ ಮಾಡ್ತಿದೀರಿ ಅತ್ತೆ ಎಂದು ಅವ್ವ ಕೇಳಿದರೆ, ಏನಿಲ್ಲವ್ವಾ, ಸುಮ್ನೆ ಕುಂತೀನಿ ಎನ್ನುತ್ತಿದ್ದಳು. ಅವಳು ಏನು ಮಾಡುತ್ತಿದ್ದಾಳೆಂದು ನಮಗೆಲ್ಲ ಗೊತ್ತಿತ್ತು. ಅದಕ್ಕೆ ನಮ್ಮಲ್ಲಿ ಇದ್ದ ಹೆಸರನ್ನು ಮಾತ್ರ ಯಾರೂ ಬಾಯಿಗೆ ತರುತ್ತಿರಲಿಲ್ಲ.